ಪದರು ಬಿಡಿಸುವ ವಿದ್ಯೆ

ಹಳೆಯ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿದವರಿಗೆಲ್ಲ ಒಂದು ಕಷ್ಟ ಚೆನ್ನಾಗಿ ಗೊತ್ತಿರುವುದು. ತೇವದಿಂದ ಗರಿಗಳು ಒಂದಕ್ಕೊಂದು ಅಂಟಿರುವುವು. ಬಲವಂತವಾಗಿ ಎಳೆದರೆ ಗರಿಯೇನೋ ಬೇರೆಯಾಗುವುದು, ಆದರೆ ಅಕ್ಷರ ಹೋಗಿರುವುದು. ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ವಸ್ತುವಿನ ಪದರುಗಳನ್ನು ಬಿಡಿಸಹೊರಟ ವಿಜ್ಞಾನಿಗಳಿಗೂ ಇದೇ ಸಂಕಟ ಒದಗಿತು.

ಯಂತ್ರಗಳ ಕೀಲುಗಳಿಗೆ ಸವರುವ ಲೇಪಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, ಮುಟ್ಟಿದರೆ ಜಾರುವ ಕಪ್ಪು ವಸ್ತುವಿದು. ಕಾಗೆಬಂಗಾರದಂತೆ ಇದೂ ಹಾಳೆಹಾಳೆಯಾಗಿರುವುದು. ಒಂದೊಂದು ಹಾಳೆಯಲ್ಲಿ ಪರಮಾಣುಗಳ ಮೂರೇ ಸಾಲು: ನಡುವೆ ಮಾಲಿಬ್ಡಿನಂ, ಮೇಲೂ ಕೆಳಗೂ ಗಂಧಕ. ಒಂದು ಮಿಲ್ಲಿಮೀಟರ್ ದಪ್ಪದಲ್ಲಿ ಇಂಥವು ಸುಮಾರು ೧೬ ಲಕ್ಷ ಹಿಡಿಸುವುವು!

ಬಿಡಿಸಿ ಆಗಬೇಕಾದುದೇನೆಂದು ವಾಚಕರು ಕೇಳಬಹುದು. ಇದು ಅರೆವಾಹಕ, ವಿದ್ಯುತ್ತನ್ನು ಬೇಕೆಂದಾಗ ಹರಿಯಗೊಟ್ಟು ಬೇಡವೆಂದಾಗ ತಡೆಯುವಂತೆ ಮಾಡಬಹುದು. ಟ್ರಾನ್ಸಿಸ್ಟರಿಗೆ ಬೇಕಾದ ಗುಣವೇ ಅದು. ಬಿಡಿಹಾಳೆಗಳನ್ನು ದ್ರವದಲ್ಲಿ ತೇಲಿಸಿದರೆ ಅದೊಂದು ಮಸಿಯಾಗುವುದು. ಮಸಿಯನ್ನು ಉರಿಯುವ ಕುಲುಮೆಯಿಲ್ಲದೆಯೇ ಹರಡಬಹುದು.

೧೯೮೬ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾನಿಲಯದವರು ಪದರುಗಳ ನಡುವೆ ಲಿಥಿಯಂ ಸೇರಿಸಿ ಅದನ್ನು ನೀರಿಗೆ ಹಾಕಿದರು. ಹೈಡ್ರೋಜನ್ ಅನಿಲ ಹುಟ್ಟಿ, ಹಾಳೆಗಳು ಬಿಟ್ಟುಕೊಂಡವು. ೨೦೧೦ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಅವರೂ ಸಂಗಡಿಗರೂ ಬಳಸಿದ ಕ್ರಮಗಳಲ್ಲಿ ಇದೂ ಒಂದು. ಆದರೆ ಲಿಥಿಯಂ ತನ್ನ ಎಲೆಕ್ಟ್ರಾನನ್ನು ಹಾಳೆಗೆ ಕೊಡುವುದರಿಂದ ಪರಮಾಣುಗಳ ಜೋಡಣೆಯೇ ಪಲ್ಲಟಗೊಂಡು, ಅರೆವಾಹಕವು ಲೋಹದಂತಾಗಿಬಿಡುವುದು. ಕಾಯಿಸಿದರೆ ಹಳೆಯ ಗುಣ ಬಹುಮಟ್ಟಿಗೆ ಮರಳುವುದೆಂಬುದು ನಿಜ. ಆದರೂ ಇದು ಅಕ್ಷರ ಅಳಿಸಿ ತಿದ್ದಿ ಬರೆದಂತೆ. ೨೦೧೧ರಲ್ಲಿ ಡಬ್ಲಿನ್ ನಗರದ ಜೊನಾಥನ್ ಕೋಲ್‌ಮನ್ ಮತ್ತು ಸಂಗಡಿಗರು ತಕ್ಕ ದ್ರಾವಕದಲ್ಲಿ ಶ್ರವಣಾತೀತ ಧ್ವನಿಯಿಂದ ಕಂಪಿಸಿ ಬಿಡಿಸಿದರು. ಗುಣ ಉಳಿಯಿತು, ಹಾಳೆಗಳು ಚೂರಾದವು, ದಪ್ಪವೂ ಒಂದೇ ಸಮನಾಗಿರಲಿಲ್ಲ.

೨೦೧೮ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಷಿಯಾಂಗ್‌ಫೆಂಗ್ ಡುವಾನ್ ಮತ್ತು ಸಂಗಡಿಗರು ಪ್ರಕಟಿಸಿದ ಉಪಾಯ ನಮಗೆ ಬಹಳ ಹಿಡಿಸಿತು. ಪುಟ್ಟ ಲಿಥಿಯಮ್ಮಿಗೆ ಬದಲು ಅವರು ಒಳಗೆ ಕಳುಹಿಸಿದುದು ಟೆಟ್ರಾಹೆಪ್ಟೈಲ್ ಅಮೋನಿಯಂ ಎಂಬ ದೊಡ್ಡ ಅಯಾನನ್ನು. ಅದಕ್ಕೆ ನಾಲ್ಕು ತೋಳು. ಒಂದೊಂದು ತೋಳಿನಲ್ಲಿ ಏಳು ಇಂಗಾಲದ ಪರಮಾಣುಗಳು. ವಿದ್ಯುತ್ತಿನ ಪ್ರೇರಣೆಯಿಂದ ಅದು ಪದರುಗಳ ನಡುವೆ ನುಸುಳಿ ಅವನ್ನು ಅಗಲಿಸುವುದು. ಮೈ ದೊಡ್ಡದಾದ್ದರಿಂದ ಒಳಗೆ ಹಿಡಿಸುವುದು ಕೆಲವೇ; ಅತಿಥಿಗಳು ಕೆಲವರೇ ಆದ್ದರಿಂದ ಹಾಳೆಗೆ ಸೇರುವ ಎಲೆಕ್ಟ್ರಾನುಗಳೂ ಕಡಿಮೆ; ಹಾಳೆಯ ಸ್ವಭಾವ ಕೆಡುವುದಿಲ್ಲ. (ಸ್ಥೂಲಕಾಯರಿಗೆ ಇದೊಂದು ಸಮಾಧಾನ.) ಆಮೇಲೆ ಮೃದುವಾಗಿ ಕಂಪಿಸಿದರೆ ಸಾಕು, ಹಾಳೆಗಳು ಬಿಡಿಯಾಗಿ ತೇಲುವುವು. ಆ ಮಸಿಯನ್ನು ಹರಡಿ ಅವರು ಟ್ರಾನ್ಸಿಸ್ಟರುಗಳನ್ನು ರಚಿಸಿ ತೋರಿಸಿದರು.

ಹರಡಿದ ಹಾಳೆಗಳು ಹೆಂಚುಗಳಂತೆ ಒಂದರ ಮೇಲೊಂದು ಒರಗಿ ಕೂರುವುವು. ಹಾಳೆಯಿಂದ ಹಾಳೆಗೆ ದಾಟುವ ಆ ಸಂಧಿಗಳಲ್ಲಿ ಮಾತ್ರ ವಿದ್ಯುತ್ತು ಈಗಲೂ ತಡವರಿಸುತ್ತಿದೆ.