ಮಾಳಿಗೆ: ಮಣ್ಣು ಏರಿಸುವುದೋ, ಇಳಿಸುವುದೋ

ರೋಹಿಣಿ ಮಳೆ ಹತ್ತಿರ ಬಂತೆಂದರೆ ಸವದತ್ತಿ, ರಾಮದುರ್ಗ, ಬೈಲಹೊಂಗಲ ಸೀಮೆಯ ಹಳೆಯ ಮನೆಗಳಲ್ಲಿ ಮಾಳಿಗೆ ಮೇಲೆ ಓಡಾಟ ಶುರುವಾಗುತ್ತದೆ. ಬೆಳೆದ ಹುಲ್ಲು ಕೀಳಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು, ಪುಟ್ಟಿಯಲ್ಲಿ ಹೊತ್ತು ತಂದ ಕರಲು ಮಣ್ಣು ಹರಡಿ ತುಳಿಯಬೇಕು. ಬೈಲಹೊಂಗಲದ ಸುತ್ತ ಎತ್ತ ನೋಡಿದರೂ ಎರೆ ಮಣ್ಣು. ಆದರೂ ಮಾಳಿಗೆಗೆ ಅದನ್ನು ಯಾರೂ ಹಾಕುವುದಿಲ್ಲ. ಎರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮೊದಲ ಮಳೆಯ ನೀರೆಲ್ಲ ಆ ಬಿರುಕಿನಲ್ಲಿ ಇಳಿದು ಅಡುಗೆಮನೆಗೆ ಬರುತ್ತದೆ. ಕರಲು ಮಣ್ಣಿನ ಗುಣ ಬೇರೆ. ಅದರಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಜೇಡಿಯ ಕಣಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಹರಡಿ ಸಂದುಗೊಂದುಗಳನ್ನು ಮುಚ್ಚಿಬಿಡುತ್ತವೆ, ಮೇಲಿನ ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಬೆಳೆಯನ್ನು ಕೊಲ್ಲುವ ಗುಣವೇ ಮಾಳಿಗೆಯಲ್ಲಿ ಮನೆ ಕಾಯುತ್ತದೆ. ಲ್ಯಾಬ್ ಇಲ್ಲದ ಕಾಲದಲ್ಲಿ ಇದನ್ನು ಕಂಡುಕೊಂಡವರ ಜಾಣತನಕ್ಕೆ ನಾನಂತೂ ತಲೆಬಾಗುತ್ತೇನೆ.

ತೊಂದರೆ ಇರುವುದು ಲೆಕ್ಕದಲ್ಲಿ. ಒತ್ತಿದ ಒಣ ಮಣ್ಣು ಘನ ಮೀಟರಿಗೆ ಸುಮಾರು 1600 ಕಿಲೊ ತೂಗುತ್ತದೆ. 10 ಅಡಿ ಉದ್ದ, 10 ಅಡಿ ಅಗಲದ ಒಂದು ಕೋಣೆಯ ಮೇಲೆ 9 ಇಂಚು ಮಣ್ಣಿದ್ದರೆ ಅದರ ಭಾರ ಸುಮಾರು 34 ಕ್ವಿಂಟಲ್. ಮಳೆಗೆ ನೆನೆದಾಗ 40 ದಾಟುತ್ತದೆ. ದುರಸ್ತಿಯೆಂದು ಒಂದು ಇಂಚು ಮಣ್ಣು ಹೊಸದಾಗಿ ಹಾಕಿದರೆ ಹೆಚ್ಚುಕಡಿಮೆ 4 ಕ್ವಿಂಟಲ್ ಸೇರಿತು. ಮಳೆಗೆ ಒಂದಿಷ್ಟು ಕೊಚ್ಚಿ ಹೋಗುತ್ತದೆ ನಿಜ, ಆದರೆ ಹಾಕಿದಷ್ಟು ಹೋಗುವುದಿಲ್ಲ. ಅಜ್ಜನ ಕಾಲದಲ್ಲಿ ಮುಕ್ಕಾಲು ಅಡಿ ಇದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಒಂದೂವರೆ ಅಡಿಯಾಗಿರುವ ಮನೆಗಳು ಬೇಕಾದಷ್ಟಿವೆ. ಹೊರುವ ಜಂತಿ ಮಾತ್ರ ಅಜ್ಜ ಹಾಕಿಸಿದ್ದೇ. ಹೀಗೆ ಪ್ರತಿ ವರ್ಷದ ಸಣ್ಣ ದುರಸ್ತಿಯೇ ದೊಡ್ಡ ಕೆಡುಕಿಗೆ ದಾರಿ ಮಾಡುತ್ತದೆ. ಮಣ್ಣು ಹಾಕುವ ಮೊದಲು ಹಳೆಯದನ್ನು ಅಷ್ಟೇ ದಪ್ಪ ಕೆರೆದು ಇಳಿಸಬೇಕು. ಈ ಅರ್ಧ ಕೆಲಸವನ್ನೇ ಎಲ್ಲರೂ ಬಿಡುವುದು.

ಹಾಗಾದರೆ ಎಲ್ಲಿಯವರೆಗೆ ತೇಪೆ, ಎಲ್ಲಿಂದ ಹೊಸ ಚಾವಣಿ? ಹನಿ ಬಿದ್ದ ಜಾಗ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ನೀರು ಒಂದು ಕಡೆ ಇಳಿದು, ಜಂತಿಗುಂಟ ಹರಿದು, ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಅನುಭವವಿದ್ದ ಬಡಿಗೇರರು ಮಾಳಿಗೆ ಹತ್ತುವ ಮೊದಲೇ, "ಮ್ಯಾಲ ಆಮ್ಯಾಲೆ ನೋಡೂಣು, ಮೊದಲ ಒಳಗ ಬರ್ರಿ ಯಜಮಾನ್ರ" ಅನ್ನುತ್ತಾರೆ. ಅವರ ಕಣ್ಣು ಹೋಗುವುದು ತೊಲೆಯ ತುದಿಗೆ, ಅಂದರೆ ತೊಲೆ ಗೋಡೆಯೊಳಗೆ ಹೊಕ್ಕ ಗೇಣುದ್ದದ ಭಾಗಕ್ಕೆ. ನಡುವೆ ಗಾಳಿಯಾಡುವ ಮರ ನೂರು ವರ್ಷ ನಿಂತೀತು. ಗೋಡೆಯ ಹಸಿಯಲ್ಲಿ ಹುದುಗಿದ ತುದಿ ಯಾರಿಗೂ ಕಾಣದಂತೆ ಕೊಳೆಯುತ್ತದೆ. ಚೂಪಾದ ಸಳಿಯಿಂದ ಅಲ್ಲಿ ಚುಚ್ಚಿ ನೋಡಿ. ಠಣ್ಣೆಂದು ತಡೆದರೆ ಮರ ಗಟ್ಟಿ. ಸಳಿ ಬೆರಳುದ್ದ ಸಲೀಸಾಗಿ ಇಳಿದು, ಹೊರಗೆಳೆದಾಗ ಕಂದು ಪುಡಿ ಉದುರಿದರೆ ಆ ತೊಲೆಯ ಕೆಳಗೆ ಹಾಸಿಗೆ ಹಾಸಬೇಡಿ. ಆ ಹೊತ್ತೇ ಒಂದು ಆಸರೆಗಂಬ ಕೊಡಿಸಿ.

ಇನ್ನು ಮೇಲೆ ಹತ್ತಿ. ಮಳೆನೀರನ್ನು ಹೊರಗೆ ಚೆಲ್ಲುವ ದೋಣಿಯ ಬುಡ, ಬೆಳಕಿಂಡಿಯ ಸುತ್ತು, ಕುಂಬಿ ಗೋಡೆ ಮಾಳಿಗೆಗೆ ಕೂಡುವ ಮೂಲೆ ನೋಡಿ. ಸೋರಿಕೆ ಬಹಳ ಸಲ ಈ ಮೂರರಲ್ಲೇ ಇರುತ್ತದೆ. ತೊಲೆಯ ತುದಿ ಗಟ್ಟಿ ಇದ್ದು ಸೋರಿಕೆ ಇಲ್ಲಿಂದಲೇ ಎಂದಾದರೆ ಚಾವಣಿ ಬದಲಿಸುವ ಮಾತೇ ಬೇಡ. ದೋಣಿಯನ್ನು ಗೋಡೆಯಿಂದ ಎರಡು ಅಡಿ ಹೊರಚಾಚಿಸಿ, ಮಾಳಿಗೆಯ ಇಳಿಜಾರು ಅದರ ಕಡೆಗೇ ಇರುವಂತೆ ಮಾಡಿದರೆ ನಾಲ್ಕು ದಿನದ ಕೆಲಸ.

ಜಂತಿಗಳ ವಿಷಯದಲ್ಲಿ ಲೆಕ್ಕ ಬೇರೆ. ಒಂದು ಜಂತಿ ಬದಲಿಸಬೇಕೆಂದರೂ ಅದರ ಮೇಲಿನ ಮಣ್ಣು ಇಳಿಸಲೇಬೇಕು. ಒಂದೆರಡು ಹೋಗಿದ್ದರೆ ಅಷ್ಟೇ ಜಾಗ ಬಿಚ್ಚಬಹುದು. ಮೂರರಲ್ಲೊಂದು ಪಾಲು ಜಂತಿಗೆ ಗೆದ್ದಲು ಹತ್ತಿದ್ದರೆ ಅಲ್ಲಲ್ಲಿ ಬಿಚ್ಚುವ ಕೂಲಿಯೇ ಇಡೀ ಮಾಳಿಗೆ ಬಿಚ್ಚುವ ಕೂಲಿಗೆ ಸಮ ಬರುತ್ತದೆ; ಆಗ ಪೂರ್ತಿ ಬಿಚ್ಚುವುದೇ ಲೇಸು. ಗೋಡೆಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದ್ದರೆ ಮಾತ್ರ ಚಾವಣಿಯ ಯೋಚನೆ ಬದಿಗಿಡಿ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವಾಗ ಬುನಾದಿಯೇ ಕದಲಿರುತ್ತದೆ. ಬಿರುಕಿಗೆ ಅಡ್ಡಲಾಗಿ ಒಂದು ಸಿಮೆಂಟ್ ಪಟ್ಟಿ ಬಳಿದು ತಾರೀಖು ಬರೆದಿಡಿ. ಮಳೆಗಾಲ ದಾಟುವಷ್ಟರಲ್ಲಿ ಪಟ್ಟಿ ಸೀಳಿದರೆ ಮೊದಲ ಖರ್ಚು ಬುನಾದಿಗೆ.

ಬಿಚ್ಚಿದ ಮೇಲೆ ಏನು ಹಾಕಬೇಕು? ಎಲ್ಲರ ಬಾಯಲ್ಲೂ ಸ್ಲ್ಯಾಬ್. ನಾಲ್ಕೂವರೆ ಇಂಚಿನ ಆರ್‌ಸಿಸಿ ಸ್ಲ್ಯಾಬ್ ಅದೇ ಕೋಣೆಯ ಮೇಲೆ ಸುಮಾರು 26 ಕ್ವಿಂಟಲ್. ಹಳೆಯ ಮಣ್ಣಿಗಿಂತ ಹಗುರವೇ! ಆದರೆ ಹಳೆಯ ಮನೆಯಲ್ಲಿ ಭಾರದ ದೊಡ್ಡ ಪಾಲನ್ನು ಹೊರುವುದು ಕಟ್ಟಿಗೆಯ ಕಂಬ, ಬೋದಿಗೆ, ತೊಲೆ. ಮಣ್ಣಿನ ಗೋಡೆಗೆ ಮರೆಮಾಡುವ ಕೆಲಸವೇ ಹೆಚ್ಚು. ಕಂಬ ಕಿತ್ತು ಸ್ಲ್ಯಾಬನ್ನು ಆ ಗೋಡೆಗಳ ಮೇಲೆ ಕೂರಿಸಿದರೆ ಇಡೀ ಭಾರ ಅವುಗಳ ಮೇಲೆ ಬೀಳುತ್ತದೆ. ಗೋಡೆ ಉಳಿಸಿಕೊಂಡು ಸ್ಲ್ಯಾಬ್ ಹಾಕಿಸುತ್ತೇನೆನ್ನುವ ಗೌಂಡಿಯ ಮಾತು ಅಗ್ಗವೆನಿಸಿದರೂ ಒಪ್ಪಬೇಡಿ. ಸ್ಲ್ಯಾಬ್ ಬೇಕೇ, ಬುನಾದಿಯಿಂದ ಕಾಲಂ ಎಬ್ಬಿಸಬೇಕು.

ತಗಡು ಅರ್ಧ ಕ್ವಿಂಟಲ್ಲಿಗೇ ಮುಗಿಯುತ್ತದೆ, ಅದರ ಕಷ್ಟವೂ ಅದೇ. ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಗಾಳಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೀಸಿದರೆ ಅಷ್ಟೇ ಕೋಣೆಯ ತಗಡನ್ನು ಸುಮಾರು 4 ಕ್ವಿಂಟಲ್ ಬಲದಿಂದ ಮೇಲಕ್ಕೆತ್ತುತ್ತದೆ. ಮೇಲೆ ಹೇರಿದ ಕಲ್ಲುಗಳು ಅದಕ್ಕೆ ಲೆಕ್ಕವಿಲ್ಲ. ತಗಡಿನೊಡನೆ ಅವೂ ಹಾರಿ ಪಕ್ಕದ ಮನೆಯವರ ತಲೆಗೆ ಕುತ್ತು. ತಗಡನ್ನು ಪೈಪಿಗೂ ಪೈಪನ್ನು ಗೋಡೆಯೊಳಗಿನ ಕಾಂಕ್ರೀಟಿಗೂ ಬಿಗಿಯಬೇಕು. ಪಶ್ಚಿಮಕ್ಕೆ ಕಿತ್ತೂರಿನ ಕಡೆ ಹೋದಂತೆ ಮಳೆ ಹೆಚ್ಚು, ಇಳಿಜಾರು ಹಂಚಿನ ಮನೆಗಳೂ ಹೆಚ್ಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಹಬ್ಬಿಸಿದ ಈ ಹಂಚು ಒಂದೊಂದಾಗಿ ಬದಲಿಸಲು ಬರುತ್ತದೆ. ಹಾಗಾಗಿ ಪಟ್ಟಿಗಳು ಬಾಗುವವರೆಗೆ ಹಂಚಿನ ಮನೆಗೆ ದುರಸ್ತಿಯೇ ಸಾಕು.

ಸ್ಲ್ಯಾಬ್ ಹಾಕಿಸಿ ಮೂವತ್ತು ವರ್ಷವಾದವರಿಗೂ ಇದೇ ಪ್ರಶ್ನೆ ಬಂದಿದೆ. ಒಳಗಿನ ಗಿಲಾವು ಹೊಪ್ಪಳಿಕೆಯಾಗಿ ಬಿದ್ದು ಕೆಂಪು ಸಳಿ ಕಂಡರೆ ಮೇಲೆ ಡಾಂಬರು ಬಳಿದು ಪ್ರಯೋಜನವಿಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟು ಒಡೆಯುತ್ತದೆ. ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಒಂದು ಮೂಲೆಗಷ್ಟೇ ಇದ್ದರೆ ಕೆತ್ತಿ, ಸಳಿ ಉಜ್ಜಿ, ಹೊಸ ಗಾರೆ ಹಿಡಿಸಬಹುದು. ಇಡೀ ಕೋಣೆಗೆ ಹಬ್ಬಿದ್ದರೆ ಎಂಜಿನಿಯರ್ ಬಂದು ನೋಡಲಿ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಹೊಳೆದಂಡೆಯ ಮನೆಗಳು ಮುಳುಗಿದಾಗ ಈ ತೀರ್ಮಾನವನ್ನು ಸರ್ಕಾರವೇ ಮಾಡಬೇಕಾಯಿತು. ಆಗಿನ ಲೆಕ್ಕದಲ್ಲಿ ಶೇ 75ಕ್ಕಿಂತ ಹೆಚ್ಚು ಹಾನಿಯಾದ ಮನೆ ಎ ವರ್ಗ, 5 ಲಕ್ಷ ರೂಪಾಯಿ. ಶೇ 25ರಿಂದ 75ರವರೆಗಿನ ಬಿ ವರ್ಗದಲ್ಲಿ ಕೆಡವಿ ಕಟ್ಟುವವರಿಗೆ 5 ಲಕ್ಷ, ದುರಸ್ತಿಗೆ 3 ಲಕ್ಷ. ಅದಕ್ಕೂ ಕಡಿಮೆಯಾದರೆ ಸಿ ವರ್ಗ, 50 ಸಾವಿರ. ಇಷ್ಟು ಅಂತರವಿದ್ದರೆ ಗಟ್ಟಿ ತೊಲೆಯಿದ್ದವನಿಗೂ ಕೆಡವುವ ಆಸೆ ಹುಟ್ಟೀತು. ಇನ್ನೊಂದು ಕೊರತೆಯೂ ಇದೆ: ಕಣ್ಣಳತೆಯ ಶೇಕಡಾವಾರು ಬಿದ್ದ ಗೋಡೆಯನ್ನು ಎಣಿಸುತ್ತದೆ, ನಿಂತೇ ನೆನೆದ ಗೋಡೆಯನ್ನು ಎಣಿಸುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮನೆ ಕುಸಿದು 7 ಜನ ಸತ್ತದ್ದು ಹಿಂಗಾರಿನ ಮಳೆಯಲ್ಲಿ, ಹೊಳೆಯ ಪ್ರವಾಹದಲ್ಲಲ್ಲ.

ಬಿಚ್ಚುವುದೆಂದು ಗಟ್ಟಿಯಾದರೆ ಸಂಕ್ರಾಂತಿ ಕಳೆದ ಮೇಲೆ ಕೈಹಾಕಿ, ಅಡ್ಡಮಳೆಗೆ ಮೊದಲೇ ಮುಗಿಸಿ. ಮಣ್ಣನ್ನು ಒಂದೇ ಬದಿಯಿಂದ ಇಳಿಸಬೇಡಿ. ಎರಡೂ ಕಡೆ ಸಮನಾಗಿ ಇಳಿಯಲಿ. ಗೋಡೆಯ ನೆತ್ತಿಗೆ ಅಂದೇ ಸಂಜೆ ತಾಡಪಾಲು ಹೊದಿಸಿ: ಕಿತ್ತೂರಿನ ಅರಮನೆಯಲ್ಲಿ ಇಂದು ಉಳಿದಿರುವುದು ಚಾವಣಿಯಿಲ್ಲದ ಗೋಡೆಗಳಷ್ಟೇ, ಅಂಥ ಗೋಡೆಗೆ ಮಳೆ ನೆತ್ತಿಯಿಂದಲೇ ಇಳಿಯುತ್ತದೆ. ಗಟ್ಟಿಯಿರುವ ಸಾಗವಾನಿ ಜಂತಿಗಳಿಗೆ ಸೀಮೆಸುಣ್ಣದಿಂದ ಸಾಲಿನ ಸಂಖ್ಯೆ ಬರೆದು ಇಳಿಸಿ, ನೆರಳಲ್ಲಿ ಒಟ್ಟಿ. ಹಳೆಯ ಕಟ್ಟಿಗೆ ಕೊಳ್ಳುವವರು ಮೊದಲ ದಿನವೇ ಅಂಗಳಕ್ಕೆ ಬರುತ್ತಾರೆ. ಬಡಿಗೇರರು ಎಲ್ಲ ಜಂತಿಗಳನ್ನು ಚುಚ್ಚಿ ನೋಡುವವರೆಗೆ ಅವರೊಡನೆ ದರದ ಮಾತಾಡಬೇಡಿ.