ಹಂಪೆಯ ಹರಿಗೋಲಿನವರು

ಹಂಪೆಗೆ ಹೋದವರು ಕಲ್ಲಿನ ರಥವನ್ನೂ ಕಮಲ ಮಹಲನ್ನೂ ಸಾಸಿವೆಕಾಳು ಗಣಪನನ್ನೂ ನೋಡಿ, ಅವುಗಳ ಚರಿತ್ರೆಯನ್ನು ಮಾರ್ಗದರ್ಶಿಯ ಬಾಯಿಂದ ಕೇಳಿ, ದಣಿದು ತುಂಗಭದ್ರಾ ಹೊಳೆಯ ದಡಕ್ಕೆ ಬಂದಾಗ, ಅಲ್ಲಿ ಬಂಡೆಗಳ ನಡುವೆ ಬೋರಲು ಹಾಕಿಟ್ಟಿರುವ ಕಪ್ಪು ಬುಟ್ಟಿಗಳನ್ನು ಕಂಡು, ಅದೂ ಒಂದು ವಿನೋದವೆಂದು ಹತ್ತಿ ಕುಳಿತು ಇಳಿದುಬರುತ್ತಾರಲ್ಲದೆ, ವಿಜಯನಗರದ ಕಾಲದಿಂದ ಇಂದಿನವರೆಗೆ ಪಾಳುಬೀಳದೆ ಬಳಕೆಯಲ್ಲಿ ಉಳಿದುಬಂದಿರುವ ಅಲ್ಲಿನ ಕೆಲವೇ ವಸ್ತುಗಳಲ್ಲಿ ಈ ಹರಿಗೋಲೂ ಒಂದು ಎಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಈ ನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಜನರು ಹೊಳೆ ದಾಟುತ್ತಿದ್ದ ದೋಣಿಗಳನ್ನು ಕುತೂಹಲದಿಂದ ವರ್ಣಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದಿಪ್ಪತ್ತು ಜನರನ್ನು ಹೊರುವ ಶಕ್ತಿ, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸಬಲ್ಲವು, ಆದರೆ ಇತರ ದೋಣಿಗಳಂತೆ ನೇರವಾಗಿ ಸಾಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ. ಪಾಯೆಸನಿಗೆ ನ್ಯೂನತೆಯಾಗಿ ತೋರಿದ ಆ ಸುತ್ತಾಟಕ್ಕಾಗಿಯೇ ಇಂದಿನ ಪ್ರವಾಸಿಗನು ಹಣ ಕೊಡುತ್ತಾನೆಂಬುದು ಕಾಲದ ಒಂದು ಪರಿಹಾಸವೆನ್ನಬೇಕು. ಹೊಳೆಯ ನಡುವೆ ಅಂಬಿಗನು ಹುಟ್ಟನ್ನು ಒಂದೇ ಕಡೆ ಬೀಸಿ ಹರಿಗೋಲನ್ನು ಗಿರ್ರನೆ ತಿರುಗಿಸಿದಾಗ ಮಕ್ಕಳು ಕಿರಿಚುತ್ತಾರೆ, ದೊಡ್ಡವರು ಫೋಟೋ ತೆಗೆಯುತ್ತಾರೆ. ಆದರೆ ನೇರವಾಗಿ ಸಾಗಿಸುವುದೇ ನಿಜವಾದ ವಿದ್ಯೆ. ಮುಂದೆ ಕುಳಿತು ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತ, ಸುತ್ತಬೇಕೆಂಬ ಬುಟ್ಟಿಯ ಸ್ವಭಾವವನ್ನು ಪ್ರತಿ ಸೆಳೆತದಲ್ಲಿಯೂ ತಡೆಯುತ್ತ ಎದುರು ದಡವನ್ನು ಮುಟ್ಟಿಸುವ ಆ ಕೌಶಲವನ್ನು ಮೆಚ್ಚಿ ಇನಾಮು ಕೊಟ್ಟವರು ವಿರಳ.

ಕಟ್ಟುವ ಕ್ರಮದಲ್ಲಿ ಆಗಿರುವ ವ್ಯತ್ಯಾಸ ಅಲ್ಪ. ಸೀಳಿದ ಬಿದಿರಿನ ದಬ್ಬೆಗಳನ್ನು ತಳದಿಂದ ಹೆಣೆಯುತ್ತ ಬಂದು, ಅಂಚನ್ನು ದಪ್ಪವಾಗಿ ಬಿಗಿದು, ಹಿಂದೆ ತೊಗಲನ್ನು ಹೊದಿಸುತ್ತಿದ್ದಲ್ಲಿ ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಬಿಸಿಲಿಗೆ ಡಾಂಬರು ಬಿರಿಯುತ್ತದೆ, ಬಂಡೆಗೆ ಉಜ್ಜಿ ತಳ ಸವೆಯುತ್ತದೆ. ಆದುದರಿಂದ ಹರಿಗೋಲು ಒಮ್ಮೆ ಕೊಂಡು ನಿಶ್ಚಿಂತೆಯಾಗಿರಬಹುದಾದ ಸ್ವತ್ತಲ್ಲ, ಮತ್ತೆ ಮತ್ತೆ ದುರಸ್ತಿಯನ್ನು ಬೇಡುವ ಸ್ವತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹೊಳೆಯ ಎರಡು ದಡಗಳ ಊರುಗಳಿಗೆ ಹರಿಗೋಲು ಬಹುಕಾಲ ವಿನೋದವಾಗಿರಲಿಲ್ಲ, ದಾರಿಯಾಗಿತ್ತು. ತಳವಾರಘಟ್ಟದಿಂದ ಆನೆಗೊಂದಿಗೆ ಸಂತೆಯ ಗಂಟುಗಳೂ ಸೈಕಲ್ಲುಗಳೂ ಮೋಟಾರ್ ಸೈಕಲ್ಲುಗಳೂ ಅದರಲ್ಲಿಯೇ ದಾಟುತ್ತಿದ್ದವು. ಅಲ್ಲಿ ಕಟ್ಟತೊಡಗಿದ ಸೇತುವೆಯ ಕಾರಣದಿಂದಲೇ ಹಂಪೆಯು 1999ರಲ್ಲಿ ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಹೊರಬಂದಿತು. ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರ ಪ್ರಾಣವನ್ನೇ ತೆಗೆದುಕೊಂಡಿತು. ಅನಂತರ ಕಡೇಬಾಗಿಲು-ಬುಕ್ಕಸಾಗರಗಳ ನಡುವೆ ಬೇರೊಂದು ಸೇತುವೆಯಾಯಿತು. ಊರಿನವರು ಅದರ ಮೇಲೆ ಓಡಾಡತೊಡಗಿದರು. ಅವರನ್ನು ಆಕ್ಷೇಪಿಸುವಂತಿಲ್ಲ; ಮಳೆಗಾಲದ ರಾತ್ರಿ ರೋಗಿಯನ್ನು ಗಂಗಾವತಿಗೆ ಸಾಗಿಸಬೇಕಾದವನಿಗೆ ಹರಿಗೋಲಿನ ಸೊಬಗನ್ನು ವಿವರಿಸುವುದು ಕ್ರೌರ್ಯವಾದೀತು. ಆದರೆ ಅಂದಿನಿಂದ ಅಂಬಿಗನ ವೃತ್ತಿ ನೆರೆಯವರ ಅವಶ್ಯಕತೆಯನ್ನು ಬಿಟ್ಟು ಪರಸ್ಥಳದವರ ವಿನೋದವನ್ನು ನೆಚ್ಚಿ ನಿಂತಿತು. ಬರಗಾಲದಲ್ಲಿಯೂ ಸಂತೆಗೆ ಹೋಗುವವರು ಹೊಳೆಯನ್ನು ದಾಟಲೇಬೇಕು. ವಿನೋದವನ್ನಾದರೋ ಮನುಷ್ಯನು ಕಷ್ಟ ಬಂದೊಡನೆ ಮೊದಲು ಕೈಬಿಡುತ್ತಾನೆ.

ಆ ವಿನೋದಕ್ಕೂ ವರ್ಷವಿಡೀ ಅವಕಾಶವಿಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿ ಅದರ 33 ಗೇಟುಗಳಿಂದ ನೀರು ಬಿಟ್ಟಾಗ, ಪುರಂದರ ಮಂಟಪ ಮುಳುಗಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಿತೆಂದರೆ ಹರಿಗೋಲು ದಡ ಸೇರಿತೆಂದೇ ತಿಳಿಯಬೇಕು. ಬೇಸಿಗೆಯಲ್ಲಿ ಆ ಬಂಡೆಗಳ ಕಾವಿಗೆ ಹೆದರಿ ಹೊರಗಿನವರು ಬರುವುದಿಲ್ಲ. ದಸರೆಯ ಆಚೆಯಿಂದ ಶಿವರಾತ್ರಿಯ ಈಚೆಗೆ ಉಳಿಯುವ ನಾಲ್ಕೈದು ತಿಂಗಳನ್ನೇ ಅಲ್ಲಿಯವರು ‘ಸೀಸನ್’ ಎನ್ನುತ್ತಾರೆ. ವರ್ಷದ ಅನ್ನ ಅದರಲ್ಲಿಯೇ ಹುಟ್ಟಬೇಕು.

2020ರ ಮಾರ್ಚ್ ತಿಂಗಳು ಆ ಅನ್ನಕ್ಕೆ ಎರಡು ಪೆಟ್ಟುಗಳನ್ನು ಕೊಟ್ಟಿತು. ವಿದೇಶೀಯರು ವಾರಗಟ್ಟಲೆ ತಂಗುತ್ತಿದ್ದ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ಅನಧಿಕೃತ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ ಕೆಡವಿದ್ದೊಂದು. ಅದರ ಬೆನ್ನಿಗೇ ಮಹಾಮಾರಿಯಿಂದ ಸ್ಮಾರಕಗಳ ಬಾಗಿಲು ಮುಚ್ಚಿದ್ದು ಮತ್ತೊಂದು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಕಾಲುವೆಯ ದಂಡೆಯಲ್ಲಿ ಪ್ರವಾಸಿಗರ ಮೇಲೆ ನಡೆದ ಘೋರ ಅಪರಾಧದ ಸುದ್ದಿ ದೇಶವಿದೇಶಗಳಿಗೆ ಹಬ್ಬಿದಾಗ ಭೀತಿಯೂ ಅದರೊಡನೆ ಹಬ್ಬಿತು. ಸಂಬಂಧವೇ ಇಲ್ಲದ ಪಾತಕಕ್ಕೆ ಹೊಳೆದಂಡೆಯ ಬಡವನು ದಂಡ ತೆರುವುದು ಇಂತಹ ಊರುಗಳ ವಿಧಿ.

ಆದರೂ ಪ್ರವಾಸಿಗರ ಇಳಿತವು ಎಲ್ಲರನ್ನೂ ಒಂದೇ ಬಗೆಯಾಗಿ ಬಾಧಿಸುವುದಿಲ್ಲ. ವಿರೂಪಾಕ್ಷನ ಬಾಗಿಲಲ್ಲಿ ಕಾಯಿ, ಕುಂಕುಮ, ಬಾಳೆಹಣ್ಣು ಮಾರುವವರಿಗೆ ಭಕ್ತರ ಆಸರೆಯುಂಟು; ದೇವರಿಗೆ ಸೀಸನ್ ಇಲ್ಲ. ಎಳನೀರಿನವನು ಹತ್ತು ಗಿರಾಕಿ ಬರುವ ಕಡೆ ಇಬ್ಬರು ಬಂದರೆ ಮರುದಿನ ಕಡಮೆ ಕಾಯಿ ತರುತ್ತಾನೆ. ಕನ್ನಡಿ ಕೂರಿಸಿದ ಕಸೂತಿಯ ಚೀಲಗಳನ್ನು ಹರಡಿಕೊಂಡು ಕುಳಿತ ಲಂಬಾಣಿ ಹೆಂಗಸಿಗೆ ಸಂಜೆಯಾದರೂ ಬೋಣಿಯಾಗದಿರಬಹುದು. ಆದರೆ ಕಸೂತಿ ಕೊಳೆಯುವುದಿಲ್ಲ, ಗಂಟು ಕಟ್ಟಿಟ್ಟರೆ ಮುಂದಿನ ವರ್ಷಕ್ಕೂ ಆದೀತು, ಅವಳ ಹಸಿವು ಮಾತ್ರ ಮುಂದಿನ ವರ್ಷಕ್ಕೆ ಕಾಯದು. ಅಂಬಿಗನ ಸಂಕಟ ಇವರೆಲ್ಲರಿಗಿಂತ ಭಿನ್ನ. ಯಾತ್ರಿಕನು ಬರುವನೋ ಬಾರನೋ ಎಂಬುದು ಗೊತ್ತಾಗುವ ಮೊದಲೇ, ಹೊಳೆ ಇಳಿದೊಡನೆ, ಬಿದಿರಿಗೂ ಡಾಂಬರಿಗೂ ಹಣ ಸುರಿಯಬೇಕು. ಕೈಯಲ್ಲಿಲ್ಲದಿದ್ದರೆ ಸಾಲ ತರಬೇಕು. ಸೀಸನ್ ಕೈಕೊಟ್ಟರೆ ಸಾಲ ಉಳಿಯುತ್ತದೆ, ಹರಿಗೋಲು ಮಾತ್ರ ಮತ್ತೆ ಬಿರಿಯುತ್ತದೆ. ಎರಡು ವರ್ಷ ಹೀಗಾದರೆ ಹಳೆಯದಕ್ಕೇ ತೇಪೆ ಹಾಕುತ್ತಾನೆ, ಹೊಸದನ್ನು ಹೆಣೆಸುವುದಿಲ್ಲ. ಹೆಣೆಯುವವನು ಮೊರ, ಬುಟ್ಟಿಗಳ ಕಡೆ ತಿರುಗುತ್ತಾನೆ.

ಟಿಕೆಟ್ಟಿನ ಲೆಕ್ಕವನ್ನು ಮಾತ್ರ ನೋಡುವವರಿಗೆ ಈ ನಷ್ಟ ಕಾಣಿಸದು. ಜನ ಮತ್ತೆ ಬಂದಿದ್ದಾರೆ; ಶನಿವಾರ ಭಾನುವಾರಗಳಲ್ಲಿ ಅಂಜನಾದ್ರಿಯ ಮೆಟ್ಟಿಲುಗಳ ಮೇಲೆ ಕಾಲಿಡಲು ಎಡೆಯಿರುವುದಿಲ್ಲ. ಆದರೆ ಬೆಳಗ್ಗೆ ಬಂದು ಸಂಜೆ ಮರಳುವ ಗುಂಪಿಗೆ ಹೊಳೆಯ ದಡದಲ್ಲಿ ಕುಳಿತು ಕಾಲ ಕಳೆಯುವ ವ್ಯವಧಾನವೆಲ್ಲಿ? ವಾರಗಟ್ಟಲೆ ತಂಗಿ, ಅಂಬಿಗನ ಹೆಸರನ್ನು ಕಲಿತು, ನಿತ್ಯವೂ ಆಚೆ ಈಚೆ ದಾಟುತ್ತಿದ್ದವನೊಬ್ಬ ಕೊಡುತ್ತಿದ್ದುದನ್ನು ಒಂದು ಬಸ್ಸಿನ ಜನ ಕೊಡಲಾರರು.

ಗಿರಾಕಿಯಿಲ್ಲದ ದಿನಗಳಲ್ಲಿ ಹರಿಗೋಲು ಮೀನುಗಾರಿಕೆಗೆ ಹೊರಡುತ್ತದೆ. ಒಬ್ಬನು ಹುಟ್ಟು ಹಾಕುತ್ತಾನೆ, ಮತ್ತೊಬ್ಬನು ಬಲೆ ಬಿಡುತ್ತಾನೆ. ಹಿಡಿದ ಮೀನು ಪೇಟೆ ಸೇರಿ ಅಂದಿನ ಖರ್ಚು ಸಾಗುತ್ತದೆ. ಈ ಕೆಲಸಕ್ಕೆ ಇಬ್ಬರು ಕೂರುವಷ್ಟು ಸಣ್ಣ ಬುಟ್ಟಿ ಸಾಕು, ಅದಕ್ಕೆ ತಗಲುವ ಬಿದಿರೂ ಕಡಮೆ. ಇಳಿತದ ವರ್ಷಗಳಲ್ಲಿ ಹೆಣೆಸಲು ಕೈಗೆಟಕುವುದು ಅದೊಂದೇ.