ಆರೈಕೆ ಪಟ್ಟಿ ಡಾಕ್ಟರರಿಗೆ ಹಿಡಿಸಿದೆಯೇ? ತಿಳಿಯುವುದು ಹೇಗೆ?



ನಮ್ಮ ಸ್ವಸಹಾಯ ಸಂಘಗಳು ಪಂಚಸೂತ್ರದ ಮೇಲೆ ನಡೆಯುತ್ತವೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಸಂಘದೊಳಗೆ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ ಬರವಣಿಗೆ. ಅಧ್ಯಕ್ಷೆ ಬದಲಾದರೂ ಈ ಐದು ಬದಲಾಗುವುದಿಲ್ಲ. ಆಸ್ಪತ್ರೆಗಳಲ್ಲಿಯೂ ಇಂಥ ಒಂದು ಕ್ರಮ ಇದೆ. ಒಂದು ಕಾಯಿಲೆಗೆ, ಆಪರೇಶನ್‌ಗೆ ಅಥವಾ ಹೆರಿಗೆಗೆ ಯಾವಾಗ ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟ ಆರೈಕೆ ಪಟ್ಟಿ ಅದು. ಡ್ಯೂಟಿ ಡಾಕ್ಟರು ಬದಲಾದರೂ ರೋಗಿಗೆ ಸಿಗುವ ಆರೈಕೆ ಬದಲಾಗಬಾರದು ಎಂಬುದು ಇದರ ಉದ್ದೇಶ.

ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸುವುದು ಸುಲಭ. ಅದನ್ನು ದಿನಾ ಬಳಸುವ ಡಾಕ್ಟರರಿಗೆ, ಸಿಸ್ಟರ್‌ಗಳಿಗೆ ಅದು ಹಿಡಿಸಿದೆಯೇ, ಇಲ್ಲವೇ? ಇದನ್ನು ಅಳೆಯುವ ಕ್ರಮವೂ ಇದೆ. ಅದು ನಮಗ್ಯಾಕೆ ಅಂತ ಕೇಳ್ಬೇಡಿ. ಹೆರಿಗೆ ವಾರ್ಡಿನಲ್ಲಿ ಮಲಗುವವರು ನಾವು, ನಮ್ಮ ಮಗಳು, ನಮ್ಮ ಸೊಸೆ.

ಪಟ್ಟಿಯಲ್ಲಿ ಏನಿರುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ನೋಡೋಣ. ಅದರಲ್ಲಿ ನಾಲ್ಕು ಹಂತಗಳಿವೆ: ತಾಯಿ ದಾಖಲಾದಾಗ, ಮಗು ಹೊರಬರುವ ಸ್ವಲ್ಪ ಮುಂಚೆ, ಹೆರಿಗೆಯಾದ ಕೂಡಲೇ, ಮನೆಗೆ ಕಳಿಸುವ ಮುಂಚೆ. ಪ್ರತಿ ಹಂತದಲ್ಲೂ ನಿಂತು ನೋಡಬೇಕಾದ ಕೆಲಸಗಳಿವೆ. ಬಿ.ಪಿ. ಮತ್ತು ಜ್ವರ ನೋಡಿದ್ದಾರೆಯೇ? ಕೈ ತೊಳೆಯಲು ಸೋಪು, ನೀರು, ಗ್ಲೌಸ್ ಇದೆಯೇ? ರಕ್ತಸ್ರಾವ ತಡೆಯುವ ಇಂಜೆಕ್ಷನ್ ಸಿದ್ಧವಿದೆಯೇ? ಮಗುವಿಗೆ ಉಸಿರು ಕೊಡುವ ಸಲಕರಣೆ ಕೈಗೆ ಸಿಗುವಂತಿದೆಯೇ? ಮಗು ಹಾಲು ಕುಡಿಯುತ್ತಿದೆಯೇ?

ಇವೆಲ್ಲ ಡಾಕ್ಟರರಿಗೆ ಗೊತ್ತಿರುವ ವಿಷಯವೇ. ಆದರೆ ಒಂದೇ ರಾತ್ರಿ ನಾಲ್ಕೈದು ಹೆರಿಗೆ ಬಂದರೆ ಗೊತ್ತಿದ್ದದ್ದೂ ಗಡಿಬಿಡಿಯಲ್ಲಿ ಬಿಟ್ಟು ಹೋಗ್ತದೆ. ಪಟ್ಟಿ ಇರುವುದು ಅದಕ್ಕಾಗಿ.

ಡಾಕ್ಟರರ ಮನಸ್ಸು ಯಾಕೆ ಮುಖ್ಯ?

ಪಟ್ಟಿಯ ಬಗ್ಗೆ ಡಾಕ್ಟರರು ಸಾಮಾನ್ಯವಾಗಿ ಹೇಳುವ ಆಕ್ಷೇಪಗಳು ಮೂರು. ಒಂದು, ಎಲ್ಲಾ ರೋಗಿಗಳೂ ಒಂದೇ ಥರ ಇರುವುದಿಲ್ಲ. ಎರಡು, ಬರೆಯುವುದರಲ್ಲೇ ಸಮಯ ಹೋಗುತ್ತದೆ. ಮೂರು, ನಮ್ಮನ್ನು ಕೇಳದೆ ಎಲ್ಲೋ ಕುಳಿತು ಮಾಡಿದ ಪಟ್ಟಿ ಇದು. ಈ ಮಾತುಗಳಲ್ಲಿ ಸತ್ಯಾಂಶ ಇರಬಹುದು. ಕೇಳಿ ತಿಳಿದರೆ ಪಟ್ಟಿಯನ್ನು ತಿದ್ದಬಹುದು. ಕೇಳದೆ ಹೇರಿದರೆ ಕೆಲಸ ಮುಗಿದ ಮೇಲೆ ಸಾಲಾಗಿ ಟಿಕ್ ಹಾಕಿಡುವ ಅಭ್ಯಾಸ ಬೆಳೆಯುತ್ತದೆ. ಸಭೆಗೆ ಬಾರದವರ ಸಹಿಯನ್ನು ಮನೆಗೆ ಹೋಗಿ ಹಾಕಿಸಿಕೊಂಡು ಬಂದ ಹಾಗೆ. ಪುಸ್ತಕ ಚೆಂದ, ಸಂಘ ಟೊಳ್ಳು.

ಅಳೆಯುವುದು ಹೇಗೆ?

ಸಾಮಾನ್ಯ ವಿಧಾನ ಪ್ರಶ್ನೆಗಳ ಹಾಳೆ. ಪ್ರತಿ ವಾಕ್ಯದ ಮುಂದೆ ಐದು ಮೆಟ್ಟಿಲು ಇರುತ್ತದೆ: ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. ಅಮೆರಿಕದ ರೆನ್ಸಿಸ್ ಲಿಕರ್ಟ್ ಎಂಬವರು 1932ರಲ್ಲಿ ಪ್ರಕಟಿಸಿದ ಈ ಕ್ರಮವನ್ನು ಇಂದಿಗೂ ಬಳಸುತ್ತಾರೆ. ಅಳೆಯುವಾಗ ನಾಲ್ಕು ಎಚ್ಚರಿಕೆ ಬೇಕು.

1. “ನಿಮಗೆ ತೃಪ್ತಿ ಇದೆಯೇ?” ಎಂದು ಒಂದೇ ಪ್ರಶ್ನೆ ಕೇಳಿದರೆ ಸಾಲದು. ಬಳಸಲು ಸುಲಭವೇ, ಸಮಯ ಎಷ್ಟು ತಗಲುತ್ತದೆ, ರೋಗಿಗೆ ತಕ್ಕಂತೆ ಬದಲಾಯಿಸಲು ಅವಕಾಶ ಇದೆಯೇ, ರೋಗಿಗೆ ಉಪಯೋಗ ಆಗಿದೆಯೇ ಎಂದು ಬಿಡಿಬಿಡಿಯಾಗಿ ಕೇಳಬೇಕು.

2. ಹೆಸರು ಬರೆಸಬಾರದು. ಮೇಲಧಿಕಾರಿಯೇ ಹಾಳೆ ಸಂಗ್ರಹಿಸಿದರೆ ಎಲ್ಲರೂ “ಒಳ್ಳೆಯದಿದೆ” ಎಂದೇ ಬರೀತಾರೆ.

3. ಉತ್ತರ ಕೊಡದವರನ್ನೂ ಲೆಕ್ಕ ಇಡಬೇಕು. 40 ಡಾಕ್ಟರರಲ್ಲಿ 10 ಮಂದಿ ಮಾತ್ರ ಉತ್ತರಿಸಿದರೆ ಉಳಿದ 30 ಮಂದಿಯ ಮನಸ್ಸು ನಮಗೆ ತಿಳಿದಿಲ್ಲ ಎಂದೇ ಅರ್ಥ.

4. ಸರಾಸರಿಯನ್ನು ಮಾತ್ರ ನಂಬಬಾರದು. ಹತ್ತು ಮಂದಿಯಲ್ಲಿ ಐವರು 5 ಅಂಕ, ಐವರು 1 ಅಂಕ ಕೊಟ್ಟರೆ ಸರಾಸರಿ 3 ಬರುತ್ತದೆ. “ಪರವಾಗಿಲ್ಲ” ಎಂದು ಕಾಣುತ್ತದೆ. ಆದರೆ ಪರವಾಗಿಲ್ಲ ಅಂದವರು ಅಲ್ಲಿ ಒಬ್ಬರೂ ಇಲ್ಲ. ಅರ್ಧ ಮಂದಿಗೆ ಬಹಳ ಇಷ್ಟ, ಅರ್ಧ ಮಂದಿಗೆ ಬೇಡವೇ ಬೇಡ.

ಒಂದು ಒಳ್ಳೆಯ ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆಯು ಆಪರೇಶನ್‌ಗಾಗಿ 19 ಅಂಶಗಳ ಪಟ್ಟಿಯೊಂದನ್ನು ಮಾಡಿತು. 2007-08ರಲ್ಲಿ ಅದನ್ನು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ನಮ್ಮ ದೇಶದ ನವದೆಹಲಿಯೂ ಅದರಲ್ಲಿತ್ತು. ಆಪರೇಶನ್ ಆದವರ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ನಂಜು ಮುಂತಾದ ತೊಂದರೆಗಳು ನೂರಕ್ಕೆ 11ರಿಂದ 7ಕ್ಕೆ ಇಳಿದವು. 2009ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಅಲ್ಲಿ ಕೆಲಸ ಮಾಡಿದ 250ಕ್ಕೂ ಹೆಚ್ಚು ಡಾಕ್ಟರರು, ಸಿಸ್ಟರ್‌ಗಳ ಅಭಿಪ್ರಾಯವನ್ನೂ ಕೇಳಿದರು. ನೂರಕ್ಕೆ ಸುಮಾರು 80 ಮಂದಿ ಪಟ್ಟಿ ಸುಲಭ ಅಂದರು. ಸುಮಾರು 20 ಮಂದಿ ಬಹಳ ಸಮಯ ಹಿಡಿಯುತ್ತದೆ ಅಂದರು. ಕೊನೆಗೆ ಇನ್ನೊಂದು ಪ್ರಶ್ನೆ ಇತ್ತು: “ನಿಮಗೇ ಆಪರೇಶನ್ ಆಗುವುದಿದ್ದರೆ ಈ ಪಟ್ಟಿ ಬಳಸಬೇಕೇ?” ನೂರಕ್ಕೆ 93 ಮಂದಿ ಬಳಸಬೇಕು ಅಂದರು. ಕೆಲಸ ಮಾಡುವಾಗ ಕಿರಿಕಿರಿ ಅನ್ನಿಸಿದ ಕೆಲವರಿಗೂ, ತಾವೇ ಮೇಜಿನ ಮೇಲೆ ಮಲಗುವಾಗ ಪಟ್ಟಿ ಬೇಕು. ತೃಪ್ತಿ ಅಳೆಯುವವರು ಇಂಥ ಪ್ರಶ್ನೆಯನ್ನು ಬಿಡಬಾರದು.

ತೃಪ್ತಿ ಒಂದೇ ಸಾಕೇ?

ಸಾಲದು. ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಇದೇ ಥರದ ಆಪರೇಶನ್ ಪಟ್ಟಿ ಜಾರಿಗೆ ಬಂತು. ಬಹುತೇಕ ಎಲ್ಲ ಆಪರೇಶನ್‌ಗಳಲ್ಲೂ ಬಳಸುತ್ತಿದ್ದೇವೆ ಎಂದು ಆಸ್ಪತ್ರೆಗಳು ವರದಿ ಕೊಟ್ಟವು. ಪಟ್ಟಿ ಬರುವ ಮುಂಚಿನ ಮೂರು ತಿಂಗಳು, ಬಂದ ನಂತರದ ಮೂರು ತಿಂಗಳು ಹೋಲಿಸಿದರೆ ಸಾವಿನ ಪ್ರಮಾಣದಲ್ಲಿ ಹೇಳುವಂಥ ಇಳಿಕೆ ಕಾಣಲಿಲ್ಲ. ಇದು 2014ರಲ್ಲಿ ಪ್ರಕಟವಾಯಿತು.

ನಮ್ಮ ರಾಜ್ಯದ ಉದಾಹರಣೆಯೂ ಇದೆ. ಬೆಳಗಾವಿ ಜಿಲ್ಲೆಯ ಗೋಕಾಕದ ಸರ್ಕಾರಿ ಆಸ್ಪತ್ರೆಯಲ್ಲಿ 2010ರಲ್ಲಿ ಹೆರಿಗೆ ಪಟ್ಟಿಯನ್ನು ಪರೀಕ್ಷಿಸಿದರು. ಅಲ್ಲಿ ಅಭಿಪ್ರಾಯ ಕೇಳಿ ಬಿಡಲಿಲ್ಲ, ಪಕ್ಕದಲ್ಲೇ ನಿಂತು ನೋಡಿದರು. ಪಟ್ಟಿ ಬರುವ ಮುಂಚೆ 499 ಹೆರಿಗೆ, ನಂತರ 795 ಹೆರಿಗೆ. ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿತ್ತು, ಆಮೇಲೆ 25 ಆಯಿತು.

ಮುಂದೆ ಉತ್ತರ ಪ್ರದೇಶದ 120 ಸರ್ಕಾರಿ ಆಸ್ಪತ್ರೆಗಳಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಅರ್ಧ ಆಸ್ಪತ್ರೆಗಳಿಗೆ ಪಟ್ಟಿಯ ಜೊತೆ ತರಬೇತುದಾರರು ಬಂದು ಹೋಗುತ್ತಿದ್ದರು. ಎರಡು ತಿಂಗಳಲ್ಲಿ ಅಲ್ಲಿ ನೂರಕ್ಕೆ 73 ಕೆಲಸ ಸರಿಯಾಗಿ ಆಗುತ್ತಿತ್ತು, ಉಳಿದ ಆಸ್ಪತ್ರೆಗಳಲ್ಲಿ 42. ಒಂದು ವರ್ಷದ ಹೊತ್ತಿಗೆ ತರಬೇತುದಾರರ ಭೇಟಿ ನಿಂತಿತ್ತು, 73 ಇದ್ದದ್ದು 62ಕ್ಕೆ ಇಳಿದಿತ್ತು. ತಾಯಿ-ಮಗುವಿನ ಸಾವು ಮತ್ತು ತಾಯಂದಿರ ಗಂಭೀರ ತೊಂದರೆಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಎರಡೂ ಕಡೆ ವ್ಯತ್ಯಾಸ ಇರಲಿಲ್ಲ. 2017ರಲ್ಲಿ ಇದು ಪ್ರಕಟವಾಯಿತು. ಪಟ್ಟಿಯಿಂದ ಅಭ್ಯಾಸ ಸುಧಾರಿಸುತ್ತದೆ. ಜೀವ ಉಳಿಯಲು ಅದರ ಜೊತೆ ರಕ್ತ, ಔಷಧ, ನುರಿತ ಕೈ, ಸಾಕಷ್ಟು ಸಿಬ್ಬಂದಿ ಎಲ್ಲವೂ ಬೇಕು.

ಮೂರು ಪುಸ್ತಕದ ಲೆಕ್ಕ

ಸಂಘದ ಹಾಜರಿ ಪುಸ್ತಕ, ನಗದು ಪುಸ್ತಕ, ಸಾಲದ ಲೆಡ್ಜರ್ ಮೂರೂ ತಾಳೆಯಾದರೆ ಮಾತ್ರ ಸಂಘ ಸರಿಯಿದೆ ಅಂತ ಹೇಳ್ತೇವೆ. ಆರೈಕೆ ಪಟ್ಟಿಗೂ ಹಾಗೆಯೇ. ಡಾಕ್ಟರರು ಏನು ಹೇಳಿದರು, ಕೈಯಲ್ಲಿ ಏನು ಮಾಡಿದರು, ರೋಗಿಗೆ ಏನಾಯಿತು ಎಂಬ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಡಾಕ್ಟರರಿಗೆ ತೃಪ್ತಿ ಇದ್ದು ಕೆಲಸ ಆಗದಿದ್ದರೆ ಟಿಕ್ ಹಾಕುವುದು ಮಾತ್ರ ನಡೆದಿದೆ ಎಂದು ತಿಳಿಯಬೇಕು. ಕೆಲಸ ಆಗುತ್ತಿದ್ದು ಅತೃಪ್ತಿ ಇದ್ದರೆ ಅವರ ಮೇಲೆ ಹೊರೆ ಜಾಸ್ತಿಯಾಗಿದೆ, ಹೆಚ್ಚು ದಿನ ನಡೆಯಲಿಕ್ಕಿಲ್ಲ.

ನಾವೇನು ಮಾಡಬಹುದು?

• ಹೆರಿಗೆಗೆ ಹೋಗುವಾಗ ತಾಯಿ ಕಾರ್ಡನ್ನು ತಪ್ಪದೆ ಒಯ್ಯಿರಿ. ಹಿಂದಿನ ಬಿ.ಪಿ., ರಕ್ತದ ವಿವರ ಡಾಕ್ಟರರಿಗೆ ಅದರಲ್ಲೇ ಸಿಗುತ್ತದೆ.

• ಮನೆಗೆ ಕಳಿಸುವಾಗ ವಿನಯದಿಂದ ಕೇಳಿ: ಬಿ.ಪಿ. ಎಷ್ಟಿದೆ? ರಕ್ತಸ್ರಾವ ಸರಿಯಿದೆಯೇ? ಮಗು ಸರಿ ಹಾಲು ಕುಡಿಯುತ್ತಿದೆಯೇ? ಯಾವ ಲಕ್ಷಣ ಕಂಡರೆ ಕೂಡಲೇ ವಾಪಸು ಬರಬೇಕು?

• ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮ್ಮ ಪರಿಚಯದವರು ಇದ್ದರೆ ಈ ಮೂರು ಪ್ರಶ್ನೆ ಕೇಳಲು ಹೇಳಿ: ಇಲ್ಲಿ ಹೆರಿಗೆ ಪಟ್ಟಿ ಬಳಸುತ್ತಾರೆಯೇ? ಅದರ ಬಗ್ಗೆ ಡಾಕ್ಟರರು, ಸಿಸ್ಟರ್‌ಗಳ ಅಭಿಪ್ರಾಯ ಕೇಳಿದ್ದೀರಾ? ಅವರು ಹೇಳಿದ ಮೇಲೆ ಏನು ಬದಲಾಯಿತು?

ಕೊನೆಯ ಪ್ರಶ್ನೆಯೇ ಮುಖ್ಯ. ಅಭಿಪ್ರಾಯ ಕೇಳಿ ಕಪಾಟಿನಲ್ಲಿ ಇಟ್ಟರೆ ಮುಂದಿನ ಸಲ ಯಾರೂ ಮನಸ್ಸು ಬಿಚ್ಚಿ ಬರೆಯುವುದಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದ ನಿಯಮಗಳ ಬಗ್ಗೆ ಸದಸ್ಯರ ಅಭಿಪ್ರಾಯ ಕೊನೆಯ ಬಾರಿ ಕೇಳಿದ್ದು ಯಾವಾಗ?
2. ಹೆಸರು ಬರೆಯದೆ ಚೀಟಿಯಲ್ಲಿ ಕೇಳಿದರೆ ಉತ್ತರ ಬೇರೆ ಬರಬಹುದೇ?
3. ಈ ವರ್ಷ ನಮ್ಮಲ್ಲಿ ಯಾರ ಮನೆಯಲ್ಲಿ ಹೆರಿಗೆ ಇದೆ? ಮೇಲಿನ ಪ್ರಶ್ನೆಗಳನ್ನು ಅವರಿಗೆ ಬರೆದುಕೊಡುವವರು ಯಾರು?